ಶೂನ್ಯ ಟಿಕೆಟ್ ನಮ್ಮ ಸ್ಟಾಪಿಗೆ ಯಾಕೆ ಬರಲಿಲ್ಲ?

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಣ್ಣುಮಕ್ಕಳು ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಗುರುತು ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡ್ತಾರೆ. ಮೈಸೂರು, ಹಾಸನ, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಆ ಟಿಕೆಟ್ ಹಿಡಿದು ಕಾಲೇಜಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆ. ನಮ್ಮ ಮನೆಗಳಲ್ಲಿಯೂ ಒಮ್ಮೆ ಕೇಳಿ ನೋಡುವ. ಉಳ್ಳಾಲ, ಕಾಟಿಪಳ್ಳ, ಕೃಷ್ಣಾಪುರ, ಜೋಕಟ್ಟೆ, ಗುರುಪುರ ಕೈಕಂಬದ ನಮ್ಮ ಉಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಮಂಗಳೂರು ಪೇಟೆಗೆ ಹೋಗಿ ಬರುವ ದಿನದ ದಾರಿಯಲ್ಲಿ ಆ ಶೂನ್ಯ ಟಿಕೆಟ್ ಎಷ್ಟು ಸಲ ಸಿಕ್ಕಿದೆ? ಹೆಚ್ಚಿನ ಮನೆಗಳ ಉತ್ತರ ಒಂದೇ: ಅಪರೂಪಕ್ಕೆ.

ಕಾರಣ ಎಲ್ಲರಿಗೂ ಗೊತ್ತುಂಟು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದ್ದು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಕೆಎಸ್ಸಾರ್ಟಿಸಿ ಚೆನ್ನಾಗಿ ಓಡ್ತದೆ. ಆ ಕಡೆಯ ನಮ್ಮವರಿಗೆ ಶಕ್ತಿಯ ಪ್ರಯೋಜನ ಸಿಕ್ಕಿದೆ. ಆದರೆ ಪೇಟೆಯ ಸುತ್ತಲಿನ ಊರುಗಳಲ್ಲಿ, ಉಡುಪಿ, ಮೂಡುಬಿದಿರೆ, ಕಾರ್ಕಳದ ಕಡೆ ದಶಕಗಳಿಂದ ಖಾಸಗಿ ಬಸ್ಸೇ ಆಧಾರ. ಬೆಂಗಳೂರಿನಲ್ಲಿ ಮಾಡಿದ ಯೋಜನೆಯು ಇಲ್ಲಿನ ಬಸ್ ಪರ್ಮಿಟಿನ ಪಟ್ಟಿಯೊಂದಿಗೆ ಕೂಡಿಕೊಳ್ಳಲಿಲ್ಲ.

ಇದು ಯಾರನ್ನೋ ದೂರಲಿಕ್ಕೆ ಹೇಳುವ ಮಾತಲ್ಲ. ಖಾಸಗಿ ಬಸ್ಸಿನ ಚಾಲಕರು, ನಿರ್ವಾಹಕರು, ಮಾಲಕರಲ್ಲಿ ನಮ್ಮ ಸಮುದಾಯದವರೇ ಎಷ್ಟೋ ಮಂದಿ ಇದ್ದಾರೆ. ಸರಕಾರಿ ಬಸ್ಸು ಬರದ ಕಾಲದಲ್ಲಿ ಗುಡ್ಡದ ಮೇಲಿನ ಊರುಗಳಿಗೆ ದಾರಿ ತೋರಿಸಿದ್ದು ಅವರೇ. ಪ್ರಶ್ನೆ ಬೇರೆ. ದಿಲ್ಲಿಯ ನೀತಿ, ಬೆಂಗಳೂರಿನ ಯೋಜನೆ, ನಮ್ಮ ಜಿಲ್ಲೆಯ ಪರ್ಮಿಟು, ಈ ಮೂರು ಒಂದೇ ಬಸ್ ಸ್ಟಾಪಿನಲ್ಲಿ ಸೇರದಿದ್ದರೆ ನಷ್ಟ ಯಾರಿಗೆ? ಸ್ಟಾಪಿನಲ್ಲಿ ನಿಂತ ಹುಡುಗಿಗೆ.

ಒಂದು ಸಣ್ಣ ಲೆಕ್ಕ

ಒಂದು ಸಲದ ಟಿಕೆಟಿಗೆ 20 ರೂಪಾಯಿ ಎಂದು ಇಟ್ಟುಕೊಳ್ಳುವ. ಹೋಗಿ ಬರಲಿಕ್ಕೆ 40. ತಿಂಗಳಿಗೆ 25 ದಿನವಾದರೆ 1000 ರೂಪಾಯಿ. ಮನೆಯಲ್ಲಿ ಕಲಿಯುವ ಇಬ್ಬರು ಹೆಣ್ಣುಮಕ್ಕಳಿದ್ದರೆ 2000. ಎರಡು ಬಸ್ಸು ಬದಲಿಸುವ ದಾರಿಯಾದರೆ ಇನ್ನೂ ಜಾಸ್ತಿ. ಗಲ್ಫಿನಿಂದ ತಿಂಗಳು ತಿಂಗಳು ದುಡ್ಡು ಬರುವ ಮನೆಗೆ ಇದು ದೊಡ್ಡದಲ್ಲದಿರಬಹುದು. ಉಮ್ಮ ಬೀಡಿ ಕಟ್ಟಿ, ಉಪ್ಪ ದಕ್ಕೆಯಲ್ಲಿ ದುಡಿದು ನಡೆಸುವ ಮನೆಗೆ ಇದು ದೊಡ್ಡ ಲೆಕ್ಕ. ಪಿಯುಸಿ ಮುಗಿದ ಮೇಲೆ "ಇನ್ನು ಸಾಕು, ದೂರ ಆಗ್ತದೆ" ಎಂಬ ಮಾತು ಬರುವುದು ಇಂಥ ಮನೆಗಳಲ್ಲಿಯೇ. ಆ ಮಾತಿನಲ್ಲಿರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಿಕ್ಕೆ ಆಗುವುದಿಲ್ಲ. ಬಸ್ಸಿನ ದುಡ್ಡು, ಸಂಜೆ ಕೊನೆಯ ಬಸ್ಸಿನ ಹೊತ್ತು, ಸ್ಟಾಪಿನಿಂದ ಮನೆವರೆಗಿನ ಕತ್ತಲೆಯ ದಾರಿ ಎಲ್ಲ ಅದರಲ್ಲಿ ಸೇರಿಕೊಂಡಿರ್ತದೆ.

ನಾವು ಮದ್ರಸದಲ್ಲಿ ಕಲಿಸುವವರಿಗೂ ಇದು ಹೊರಗಿನ ವಿಷಯವಲ್ಲ. ಬೆಳಗ್ಗಿನ ಮದ್ರಸ ಬಿಟ್ಟ ಕೂಡಲೇ ಮಕ್ಕಳು ಶಾಲೆಯ ಬಸ್ಸಿಗೆ ಓಡಬೇಕು. ಬಸ್ಸು ಹತ್ತು ನಿಮಿಷ ಮೊದಲೇ ಹೋದರೆ ಒಂದೋ ಮದ್ರಸದ ಪಾಠ ಅರ್ಧ, ಇಲ್ಲದಿದ್ದರೆ ಶಾಲೆಯ ಮೊದಲ ಪೀರಿಯಡ್ ಅರ್ಧ. ದೀನಿನ ವಿದ್ಯೆ, ಲೋಕದ ವಿದ್ಯೆ ಎರಡೂ ಬೇಕು ಅಂತ ಮಿಂಬರಿನಲ್ಲಿ ಹೇಳ್ತೇವೆ. ಎರಡನ್ನೂ ಜೋಡಿಸುವುದು ಬಸ್ಸಿನ ವೇಳಾಪಟ್ಟಿ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ನೀತಿ ಏನು ಹೇಳ್ತದೆ?

ಕೇಂದ್ರ ಸರಕಾರ 2006ರಲ್ಲಿ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದಿತು. ಅದರ ಜೀವಾಳ ಇಷ್ಟೇ: ರಸ್ತೆ ಇರುವುದು ಜನ ಹೋಗಲಿಕ್ಕೆ, ಬರೇ ವಾಹನ ಹೋಗಲಿಕ್ಕೆ ಅಲ್ಲ. ನಡೆಯುವವರು, ಸೈಕಲಿನವರು, ಬಸ್ಸಿನವರು ಮೊದಲು, ಕಾರು ಆಮೇಲೆ. ಮನೆ, ಶಾಲೆ, ಆಸ್ಪತ್ರೆ, ಕಾರ್ಖಾನೆ ಎಲ್ಲಿ ಬರಬೇಕು ಎಂಬ ಯೋಜನೆಯೂ ಬಸ್ಸು ಎಲ್ಲಿ ಓಡಬೇಕು ಎಂಬ ಯೋಜನೆಯೂ ಒಟ್ಟಿಗೆ ಆಗಬೇಕು ಎಂದೂ ಅದು ಹೇಳ್ತದೆ. ಆ ಹೊತ್ತಿಗೆ ಬಂದ ಜೆ-ನರ್ಮ್ ಯೋಜನೆಯಲ್ಲಿ ಸಾರಿಗೆ ಕೆಲಸಕ್ಕೆ ಕೇಂದ್ರದ ದುಡ್ಡು ಬೇಕಾದರೆ ಅದು ಈ ನೀತಿಗೆ ಹೊಂದಬೇಕಿತ್ತು. ಜನರು "ನರ್ಮ್ ಬಸ್" ಅಂತ ಕರೆಯುವ ಸರಕಾರಿ ಬಸ್ಸು ಬಂದದ್ದು ಅದೇ ಯೋಜನೆಯ ದುಡ್ಡಿನಲ್ಲಿ.

ಇಲ್ಲಿಯೇ ಒಂದು ಮುಖ್ಯ ಸಂಗತಿ ಉಂಟು. ದುಡ್ಡು ಮೇಲಿನಿಂದ ಬರ್ತದೆ, ಆದರೆ ಕಾಗದದ ದಾರಿ ಹಿಡಿದು ಬರ್ತದೆ. ಊರಿನ ಬೇಡಿಕೆ ನಗರದ ಯೋಜನೆಯಲ್ಲಿ ಇರಬೇಕು. ನಗರದ ಯೋಜನೆ ರಾಜ್ಯದ, ಕೇಂದ್ರದ ನೀತಿಯ ಜೊತೆ ಕೂಡಬೇಕು. ಕಾಗದದಲ್ಲಿ ನಮ್ಮ ಸ್ಟಾಪಿನ ಹೆಸರೇ ಇಲ್ಲದಿದ್ದರೆ ದುಡ್ಡು ಬಂದರೂ ನಮ್ಮ ಸ್ಟಾಪಿನಲ್ಲಿ ನಿಲ್ಲುವುದಿಲ್ಲ.

ಕೇಂದ್ರ ಸಂಪುಟ 2023ರ ಆಗಸ್ಟ್ 16ರಂದು ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯನ್ನು ನೋಡಿ. 10,000 ಎಲೆಕ್ಟ್ರಿಕ್ ಬಸ್ಸು, ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. 2011ರ ಜನಗಣತಿ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ ಇದು ಅನ್ವಯ. ಮಂಗಳೂರು ಪಾಲಿಕೆಯಲ್ಲಿ ಆಗಲೇ 4.88 ಲಕ್ಷ ಜನ ಇದ್ದರು. ಸರಿಯಾದ ಬಸ್ ವ್ಯವಸ್ಥೆಯೇ ಇಲ್ಲದ ನಗರಗಳಿಗೆ ಆದ್ಯತೆ ಎಂದೂ ಅದರಲ್ಲಿ ಉಂಟು.

ಈ ಯೋಜನೆಯಲ್ಲಿ ಬಸ್ಸು ಓಡಿಸುವುದು ಖಾಸಗಿಯವರು. ಎಲ್ಲಿ, ಎಷ್ಟು ಹೊತ್ತಿಗೆ ಓಡಬೇಕು ಅಂತ ಹೇಳುವುದು ಸರಕಾರದ ಕಡೆಯವರು. ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ದುಡ್ಡು. ಕೇಂದ್ರದ ಸಹಾಯ 10 ವರ್ಷ. ಅಂದರೆ ಸರಕಾರಿಯೋ ಖಾಸಗಿಯೋ ಎಂಬ ನಮ್ಮ ಊರಿನ ಹಳೆಯ ಜಗಳಕ್ಕೆ ನೀತಿಯೇ ಒಂದು ನಡು ದಾರಿ ತೋರಿಸಿದೆ. ಸೀಟು ತುಂಬದಿದ್ದರೂ ಓಡಿದ ದೂರಕ್ಕೆ ದುಡ್ಡು ಸಿಗುವುದಾದರೆ ಎದುರಿನ ಬಸ್ಸನ್ನು ಹಿಂದೆ ಹಾಕಲಿಕ್ಕೆ ಚಾಲಕ ಜೀವ ಕೈಯಲ್ಲಿ ಹಿಡಿದು ಓಡಿಸಬೇಕಾಗಿಲ್ಲ. ಶಕ್ತಿಯ ಹಾಗಿನ ರಿಯಾಯಿತಿಯನ್ನು ಈ ಕ್ರಮದಲ್ಲಿ ಸೇರಿಸುವುದೂ ಸುಲಭ. ಶಕ್ತಿಯನ್ನು ಖಾಸಗಿ ಬಸ್ಸಿಗೂ ಕೊಡಿ ಎಂಬ ಕೂಗು ಕರಾವಳಿಯಲ್ಲಿ ಎದ್ದದ್ದುಂಟು. ಅದನ್ನು ಮಾಲಕರ ಬೇಡಿಕೆ ಅಂತ ಬದಿಗೆ ಇಡಬಾರದು. ಅದು ನಮ್ಮ ಉಮ್ಮಂದಿರ ಬೇಡಿಕೆಯೂ ಹೌದು.

ಒಂದು ದಾರಿಗೆ ಎಷ್ಟು ಯಜಮಾನರು?

ಉಳ್ಳಾಲದ ಒಳಗಿನ ಒಂದು ಮೊಹಲ್ಲಾದಿಂದ ಒಬ್ಬಳು ಹುಡುಗಿ ಮಂಗಳೂರಿನ ಕಾಲೇಜಿಗೆ ಹೊರಟಳು ಅಂತ ಇಟ್ಟುಕೊಳ್ಳುವ. ಮನೆ ಎದುರಿನ ರಸ್ತೆ, ಚರಂಡಿ, ದಾರಿದೀಪ ಉಳ್ಳಾಲ ನಗರಸಭೆಯದ್ದು. ಅವಳು ಹತ್ತುವ 44 ನಂಬರಿನ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ತೊಕ್ಕೊಟ್ಟಿನಲ್ಲಿ ಬಸ್ಸು ಏರುವ 66ನೇ ಹೆದ್ದಾರಿ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ನೇತ್ರಾವತಿ ಸೇತುವೆ ದಾಟಿದರೆ ಮಂಗಳೂರು ಮಹಾನಗರ ಪಾಲಿಕೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬಾರದು ಅಂತ ನೋಡುವುದು ಸಂಚಾರ ಪೊಲೀಸರು. ಅದೇ ಹುಡುಗಿ ದೇರಳಕಟ್ಟೆಯ ಆಸ್ಪತ್ರೆಯ ಕಡೆ ಕೆಲಸಕ್ಕೆ ಹೊರಟರೆ ಸೋಮೇಶ್ವರ ಪುರಸಭೆ, ಕೋಟೆಕಾರ್ ಪಟ್ಟಣ ಪಂಚಾಯತ್, ಆಮೇಲೆ ಗ್ರಾಮ ಪಂಚಾಯತ್. ಅವಳಿಗೆ ಇದು ಒಂದೇ ದಾರಿ. ಕಡತದಲ್ಲಿ ಮಾತ್ರ ಐದಾರು ತುಂಡು.

ಸ್ಟಾಪಿಗೊಂದು ಮಾಡು ಬೇಕು ಅಂತ ನಗರಸಭೆಗೆ ಅರ್ಜಿ ಕೊಟ್ಟರೆ "ಅದು ಹೆದ್ದಾರಿಯ ಜಾಗ" ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. 2002ರ ಹೆದ್ದಾರಿ ನಿಯಂತ್ರಣ ಕಾನೂನಿನ ಪ್ರಕಾರ ಹೆದ್ದಾರಿಯ ಜಾಗದಲ್ಲಿ ಅವರ ಅನುಮತಿ ಇಲ್ಲದೆ ಯಾರೂ ಏನೂ ಕಟ್ಟುವ ಹಾಗಿಲ್ಲ. ಹೆದ್ದಾರಿಯವರ ಲೆಕ್ಕವೋ ದೂರದ ಲಾರಿ, ಕಾರು ಎಷ್ಟು ಬೇಗ ಮುಂದೆ ಹೋಗ್ತದೆ ಎಂಬುದು. ಫ್ಲೈಓವರ್ ಆದ ಕಡೆ ದೂರದ ವಾಹನ ಮೇಲಿನಿಂದ ಹೋಗ್ತದೆ; ಕೆಳಗೆ ರಸ್ತೆ ದಾಟುವವರು, ಬಸ್ಸಿಗೆ ಕಾಯುವವರು ಅವರ ಲೆಕ್ಕದಲ್ಲಿ ಕೊನೆಗೆ ಬರ್ತಾರೆ. ಪಂಪ್‌ವೆಲ್ ಫ್ಲೈಓವರ್ 2020ರ ಜನವರಿ ಕೊನೆಗೆ ತೆರೆಯುವವರೆಗೆ ಊರಿಗೆ ಊರೇ ಆದ ತೊಂದರೆಯನ್ನು ಯಾರೂ ಮರೆತಿಲ್ಲ.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಪೇಟೆಯ ನಡುವಿನ ರಸ್ತೆ, ಫುಟ್‌ಪಾತ್ ಬದಲಾಯಿತು, ಹಂಪನಕಟ್ಟೆಯಲ್ಲಿ ಗಡಿಯಾರ ಗೋಪುರ ಮತ್ತೆ ಎದ್ದಿತು. ಆದರೆ ಆ ಯೋಜನೆಯ ಗಡಿ ಪಾಲಿಕೆಯ ಒಳಗೆ. ಪೇಟೆಯಲ್ಲಿ ದುಡಿಯುವ, ಕಲಿಯುವ ಜನರಲ್ಲಿ ಎಷ್ಟೋ ಮಂದಿ ರಾತ್ರಿ ಮಲಗುವುದು ನೇತ್ರಾವತಿಯ ಆಚೆ, ಫಲ್ಗುಣಿಯ ಆಚೆ. ಬಸ್ಸಿನ ದಾರಿ ಹೊಳೆ ದಾಟಿತು, ಯೋಜನೆ ದಾಟಲಿಲ್ಲ.

2006ರ ನೀತಿ ಇದಕ್ಕೂ ಒಂದು ಮದ್ದು ಹೇಳಿತ್ತು. 10 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ಬಸ್ಸು, ರೈಲು, ರಸ್ತೆ ಎಲ್ಲವನ್ನೂ ಒಂದೇ ಮಾಡಿನ ಕೆಳಗೆ ನೋಡುವ ಏಕೀಕೃತ ಸಾರಿಗೆ ಪ್ರಾಧಿಕಾರ ಇರಲಿ ಅಂತ. ಕೇರಳ 2019ರಲ್ಲಿ ಅದಕ್ಕಾಗಿ ಕಾನೂನು ಮಾಡಿತು, ಕೊಚ್ಚಿಯಲ್ಲಿ ಪ್ರಾಧಿಕಾರ ಬಂತು. ನಮ್ಮ ರಾಜ್ಯ 2022ರಲ್ಲಿ ಬೆಂಗಳೂರಿಗೆ ಅಂಥದೇ ಕಾನೂನು ಮಾಡಿತು. ಮಂಗಳೂರು 10 ಲಕ್ಷದ ಕೆಳಗೆ. ಹಾಗಾಗಿ ಇಲ್ಲಿ ಆ ಮಾಡು ಇಲ್ಲ. ದೊಡ್ಡ ನಗರದ ತೊಂದರೆ ಎಲ್ಲ ಉಂಟು, ದೊಡ್ಡ ನಗರಕ್ಕೆ ಸಿಗುವ ವ್ಯವಸ್ಥೆ ಇಲ್ಲ. ಜಿಲ್ಲಾ ಮಟ್ಟದಲ್ಲಾದರೂ ಇವರೆಲ್ಲ ಒಂದು ಮೇಜಿನ ಸುತ್ತ ತಿಂಗಳಿಗೊಮ್ಮೆ ಕುಳಿತುಕೊಳ್ಳಬೇಕು ಎಂಬುದು ನಮ್ಮ ಜಿಲ್ಲೆ ಕೇಳಬೇಕಾದ ಮೊದಲ ಬೇಡಿಕೆ.

ರೈಲು, ಗಡಿ, ಹೊಳೆ

ರೈಲಿನ ಕತೆಯೂ ಬೇರೆಯಲ್ಲ. ಮಂಗಳೂರು ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು. ಸುಬ್ರಹ್ಮಣ್ಯ, ಹಾಸನದ ಕಡೆಯದ್ದು ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರು ದಾಟಿದರೆ ಕೊಂಕಣ ರೈಲ್ವೆ. ಒಂದು ಊರಿನ ಸುತ್ತ ಮೂರು ಆಡಳಿತ. ಬೆಳಗ್ಗೆ ಸಂಜೆ ಲೋಕಲ್ ರೈಲು ಬೇಕಾದರೆ ಮೂರು ಬಾಗಿಲು ತಟ್ಟಬೇಕು. ಉಳ್ಳಾಲದಲ್ಲಿ ರೈಲು ನಿಲ್ದಾಣ ಉಂಟು. ರೈಲಿನ ಹೊತ್ತಿಗೆ ಅಲ್ಲಿಗೆ ಬಸ್ಸು ಹೊಂದಿಸಿಕೊಟ್ಟರೆ ಹೆದ್ದಾರಿಯ ಭಾರವೂ ಕಡಿಮೆಯಾಗ್ತದೆ.

ತಲಪಾಡಿ ಗಡಿ ನಮಗೆ ನಕ್ಷೆಯಲ್ಲಿ ಮಾತ್ರ ಗಡಿ. ಮಂಜೇಶ್ವರ, ಉಪ್ಪಳ, ಕಾಸರಗೋಡಿನಲ್ಲಿ ನಮ್ಮ ಸಂಬಂಧಿಕರಿದ್ದಾರೆ. ಮದುವೆ, ಮರಣ, ಆಸ್ಪತ್ರೆ ಎಲ್ಲ ಆಚೆ ಈಚೆ ನಡೀತದೆ. ಕಾಸರಗೋಡು ದಾರಿಯಲ್ಲಿ ಎರಡೂ ರಾಜ್ಯದ ಸರಕಾರಿ ಬಸ್ಸು ಓಡುವುದು ಎರಡು ಸರಕಾರಗಳ ಒಪ್ಪಂದದ ಮೇಲೆ. ಬಸ್ಸು ಹೆಚ್ಚು ಬೇಕಾದರೆ ಆ ಒಪ್ಪಂದದಲ್ಲೇ ಬರಬೇಕು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಮುಚ್ಚಿದಾಗ ಆಚೆಯ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಿಕ್ಕಾಗದೆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಾರಿಗೆಯ ಯೋಜನೆ ರಾಜ್ಯದ ಗಡಿಯಲ್ಲಿ ನಿಂತರೆ ಏನಾಗ್ತದೆ ಅಂತ ಆಗ ನೋಡಿದ್ದೇವೆ.

ಬೆಂಗ್ರೆಯವರಿಗೆ ಹೊಳೆಯೇ ರಸ್ತೆ. ದೋಣಿಯಲ್ಲಿ ದಾಟಿದರೆ ಬಂದರ್ ಎದುರಿಗೇ ಉಂಟು, ರಸ್ತೆಯಲ್ಲಾದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಮಂಗಳೂರಿಗೆ ವಾಟರ್ ಮೆಟ್ರೊ ತರುವ ಪ್ರಸ್ತಾವ 2024ರ ರಾಜ್ಯ ಬಜೆಟಿನಲ್ಲಿ ಬಂತು. 2023ರ ಎಪ್ರಿಲಿನಲ್ಲಿ ಶುರುವಾದ ಕೊಚ್ಚಿಯ ವಾಟರ್ ಮೆಟ್ರೊದ ಉದ್ದೇಶವೇ ದ್ವೀಪದ ಜನರನ್ನು ಪೇಟೆಗೆ ಜೋಡಿಸುವುದು. ನಮ್ಮಲ್ಲಿಯೂ ಹಾಗೆಯೇ ಆಗಬೇಕು. ಪ್ರವಾಸಿಗಳ ಸೆಲ್ಫಿಗೆ ಆಗುವ ದೋಣಿ ಬಂದು, ಮೀನುಗಾರರ ಮಕ್ಕಳು ಶಾಲೆಗೆ ಹೋಗುವ ದೋಣಿಗೆ ಜಾಗ ಇಲ್ಲದ ಹಾಗೆ ಆಗಬಾರದು. ಯೋಜನೆ ಕರಡಿನಲ್ಲಿರುವಾಗಲೇ ಈ ಮಾತು ಹೇಳಬೇಕು. ಜೆಟ್ಟಿ ಕಟ್ಟಿದ ಮೇಲೆ ಹೇಳಿ ಎಂತ ಪ್ರಯೋಜನ?

ದಾರಿಯ ಹಕ್ಕು ದೀನಿನ ಮಾತು

ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಬದಿಗೆ ಸರಿಸುವುದು ಈಮಾನಿನ ಒಂದು ಶಾಖೆ ಅಂತ ಮದ್ರಸದ ಸಣ್ಣ ತರಗತಿಯ ಮಕ್ಕಳೂ ಹೇಳ್ತಾರೆ. ದಾರಿ ಬದಿ ಕೂರುವವರು ದಾರಿಯ ಹಕ್ಕನ್ನು ಕೊಡಬೇಕು ಎಂದು ಪ್ರವಾದಿ (ಸ) ಕಲಿಸಿದ್ದಾರೆ. ದಾರಿಯ ಅಗಲದ ಬಗ್ಗೆ ಜನರಲ್ಲಿ ತಕರಾರು ಬಂದರೆ ಏಳು ಮೊಳ ಬಿಡಬೇಕು ಎಂಬ ತೀರ್ಪೂ ಹದೀಸಿನಲ್ಲಿ ಉಂಟು. ಅಂದರೆ ಜನ ಓಡಾಡುವ ದಾರಿಗೆ ಅಳತೆ ಬೇಕು, ನಿಯಮ ಬೇಕು, ಖಾಸಗಿ ಆಸೆ ಅದರ ಮೇಲೆ ಹತ್ತಬಾರದು. ಇಂದಿನ ಭಾಷೆಯಲ್ಲಿ ಇದನ್ನೇ ಯೋಜನೆ ಅನ್ನುವುದು.

ಹಾಗಾಗಿ ಬಸ್ಸು, ಫುಟ್‌ಪಾತ್ ಎಂಬುದು ರಾಜಕೀಯದವರ ವಿಷಯ, ಜಮಾಅತಿಗೆ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ. ನಿಕಾಹ್, ದಫನ, ಮದ್ರಸ ನೋಡಿಕೊಳ್ಳುವ ಕಮಿಟಿಗೆ ಮೊಹಲ್ಲಾದ ಮಕ್ಕಳು ಕ್ಷೇಮವಾಗಿ ಮನೆ ಸೇರುವುದೂ ಸೇರಿದ ಕೆಲಸವೇ.

ಜಮಾಅತ್ ಏನು ಮಾಡಬಹುದು?

ಮೊದಲು ಲೆಕ್ಕ ಬರೆಯಬೇಕು. ಒಂದು ವಾರ, ಬೆಳಗ್ಗೆ 7ರಿಂದ 9, ಸಂಜೆ 4ರಿಂದ 7, ನಮ್ಮ ಸ್ಟಾಪಿನಲ್ಲಿ ಎಷ್ಟು ಜನ ಕಾದರು, ಎಷ್ಟು ಬಸ್ಸು ನಿಲ್ಲದೆ ಹೋಯಿತು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಮಾಡಬಹುದು. ಹೆಣ್ಣುಮಕ್ಕಳ ಹತ್ತಿರ ಕೇಳಿಯೇ ಬರೆಯಬೇಕು. ಕಾಯುವುದು ಅವರು, ಕಮಿಟಿಯ ಹೆಚ್ಚಿನವರು ಬೈಕಿನಲ್ಲಿ ಹೋಗುವವರು.

ಆಮೇಲೆ ಪರ್ಮಿಟ್ ನೋಡಬೇಕು. ಬಸ್ಸಿನ ಪರ್ಮಿಟಿನಲ್ಲಿ ದಾರಿ, ಟ್ರಿಪ್ಪು, ಹೊತ್ತು ಬರೆದಿರ್ತದೆ. ಪರ್ಮಿಟಿನ ಅವಧಿ 5 ವರ್ಷ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದದ ಒಳಗೆ, ಒಂದೇ ವಿಷಯದ ಮೇಲೆ ಇರಲಿ. ರಾತ್ರಿಯ ಟ್ರಿಪ್ಪು ಪರ್ಮಿಟಿನಲ್ಲಿ ಇದ್ದು ರಸ್ತೆಯಲ್ಲಿ ಇಲ್ಲದಿದ್ದರೆ ನಾವು ಹೊಸತನ್ನು ಬೇಡುವುದೇ ಬೇಡ, ಇದ್ದದ್ದನ್ನು ಓಡಿಸಿ ಅಂದರೆ ಸಾಕು.

ಮೂರನೆಯದು, ಅರ್ಜಿ ಸರಿಯಾದ ಬಾಗಿಲಿಗೆ ಹೋಗಬೇಕು. ಬಸ್ಸಿನ ಹೊತ್ತು, ದಾರಿಯ ವಿಷಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಹೆದ್ದಾರಿ ದಾಟುವ ಜಾಗ, ಸರ್ವಿಸ್ ರಸ್ತೆ, ಬಸ್ ಬೇಯ ವಿಷಯ ಹೆದ್ದಾರಿ ಪ್ರಾಧಿಕಾರಕ್ಕೆ, ಪ್ರತಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಫುಟ್‌ಪಾತ್, ದೀಪ ಪಾಲಿಕೆಗೆ, ನಗರಸಭೆಗೆ ಅಥವಾ ಪಂಚಾಯತಿಗೆ. ಅರ್ಜಿಯಲ್ಲಿ "ದಯವಿಟ್ಟು ಉಪಕಾರ ಮಾಡಿ" ಅಂತ ಬರೆದರೆ ಅದು ಉಪಕಾರವಾಗಿಯೇ ಉಳೀತದೆ. 2006ರ ನೀತಿಯಲ್ಲಿ ನಡೆಯುವವರಿಗೆ ಮೊದಲ ಸ್ಥಾನ, 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಎಲ್ಲರಿಗೂ ಹತ್ತಲಿಕ್ಕಾಗುವ ಬಸ್ಸು, ನಿಲ್ದಾಣ ಎಂದು ಇರುವುದನ್ನು ತೋರಿಸಿ ಬರೆದರೆ ಅದು ಹಕ್ಕಿನ ಮಾತಾಗ್ತದೆ. ಅಧಿಕಾರಿಗೂ ಅದನ್ನು ಮೇಲೆ ಕಳಿಸಲಿಕ್ಕೆ ಒಂದು ಆಧಾರ ಸಿಗ್ತದೆ.

ನಾಲ್ಕನೆಯದು, ಹೊತ್ತು ನೋಡಿ ಹೋಗಬೇಕು. ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್ ಅಂತಿಮವಾಗುವ ಮೊದಲು ಕರಡು ಪ್ರಕಟವಾಗ್ತದೆ, ಆಕ್ಷೇಪ ಕೇಳ್ತಾರೆ. ಗ್ರಾಮಸಭೆ, ವಾರ್ಡ್ ಸಭೆ ಎಂಬುದು ಕಾನೂನಿನಲ್ಲೇ ಉಂಟು. ಅಲ್ಲಿ ನಿರ್ಣಯ ಬರೆಸಿಕೊಳ್ಳಬೇಕು. ಬಸ್ಸಿಗೆ ಕಾಯುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಪಕ್ಕದ ಚರ್ಚಿನವರು, ದೇವಸ್ಥಾನದವರು, ಯುವಕ ಮಂಡಲದವರು ಒಟ್ಟಿಗೆ ಸಹಿ ಹಾಕಿದರೆ ಆ ಅರ್ಜಿಯ ತೂಕವೇ ಬೇರೆ.

ಜೊತೆಗೆ ನಮ್ಮ ಕಡೆಯದ್ದೂ ಒಂದು ಕೆಲಸ ಉಂಟು. ಜುಮಾ ದಿನ, ಉರೂಸಿನ ದಿನ, ಮದುವೆ ಹಾಲ್ ಎದುರು ವಾಹನ ಶಿಸ್ತಾಗಿ ನಿಲ್ಲಿಸಲಿಕ್ಕೆ ನಾಲ್ಕು ಜನ ಸ್ವಯಂಸೇವಕರನ್ನು ಇಡುವುದು. ಬಸ್ಸಿಗೆ ಜಾಗ ಕೇಳುವವರು ಬಸ್ಸಿಗೆ ದಾರಿಯನ್ನೂ ಬಿಟ್ಟುಕೊಡಬೇಕು.

ಮೇಲಿನ ನೀತಿಗಳು ಒಳ್ಳೆಯ ಮಾತು ಹೇಳ್ತವೆ. ಆದರೆ ಅವು ತಾವಾಗಿಯೇ ಕೆಳಗೆ ಇಳಿದು ಬರುವುದಿಲ್ಲ. ಕೆಳಗಿನಿಂದ ಯಾರಾದರೂ ಕೈ ಚಾಚಿ ಹಿಡಿಯಬೇಕು. ಮುಂದಿನ ಜಮಾಅತ್ ಸಭೆಯ ಅಜೆಂಡಾದಲ್ಲಿ ಒಂದು ಸಾಲು ಸೇರಿಸಿ: ನಮ್ಮ ಸ್ಟಾಪು, ನಮ್ಮ ಬಸ್ಸು. ಆ ನೋಟ್‌ಬುಕ್ಕನ್ನು ಯಾವ ಮಕ್ಕಳ ಕೈಗೆ ಕೊಡುವುದು ಅಂತ ಅಲ್ಲಿಯೇ ತೀರ್ಮಾನ ಆಗಲಿ.